ಓದುವ ಮಕ್ಕಳ ಮಿದುಳಿಗೆ ಯಾವ ವ್ಯಾಯಾಮ? ನಡಿಗೆ, ಚೆಂಡಾಟ, ಯಕ್ಷಗಾನದ ಹೆಜ್ಜೆ, ಈಜು, ಜಿಮ್ – ಒಂದು ಹೋಲಿಕೆ

ಹತ್ತನೇ ತರಗತಿಗೆ ಕಾಲಿಟ್ಟ ಕೂಡಲೇ ಮಕ್ಕಳ ದಿನಚರಿಯಲ್ಲಿ ಮೊದಲು ಕತ್ತರಿ ಬೀಳುವುದು ಆಟಕ್ಕೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಹೆಚ್ಚಿನ ಮನೆಗಳಲ್ಲಿ ಒಂದೇ ಲೆಕ್ಕ: ಬೆಳಿಗ್ಗೆ ಟ್ಯೂಷನ್, ಹಗಲು ಶಾಲೆ, ಸಂಜೆ ಮತ್ತೆ ಟ್ಯೂಷನ್, ಮಾರ್ಚಿನ ಪರೀಕ್ಷೆ ಮುಗಿದ ಮೇಲೆ ಬೇಕಾದಷ್ಟು ಆಡಲಿ. ಈ ಲೆಕ್ಕದಲ್ಲಿ ತಪ್ಪಿದೆ. ಸರಿಯಾದ ಹೊತ್ತಿಗೆ, ಸರಿಯಾದ ಬಿರುಸಿನಲ್ಲಿ ಮೈ ದಂಡಿಸಿದ 20 ನಿಮಿಷ ಅದರ ಹಿಂದೆಯೇ ಬರುವ ಓದಿಗೆ ನೆರವಾಗುತ್ತದೆ. ತಿಂಗಳುಗಟ್ಟಲೆ ಮುಂದುವರಿದರೆ ಆ ನೆರವು ಇನ್ನೂ ಗಟ್ಟಿ.

ಹಾಗೆಂದು ಎಲ್ಲ ವ್ಯಾಯಾಮವೂ ಒಂದೇ ಕೆಲಸ ಮಾಡುವುದಿಲ್ಲ. ಓದಲು ಕೂರುವ ಮೊದಲು ಮನಸ್ಸು ಒಂದು ಕಡೆ ನಿಲ್ಲಬೇಕೇ? ಓದಿದ್ದು ನೆನಪಿನಲ್ಲಿ ಉಳಿಯಬೇಕೇ? ಯೋಜಿಸುವ, ತಡೆದುಕೊಳ್ಳುವ, ತಪ್ಪನ್ನು ಗಮನಿಸಿ ತಿದ್ದುವ ಶಕ್ತಿ ವರ್ಷದ ಮಟ್ಟಿಗೆ ಬೆಳೆಯಬೇಕೇ? ಅಥವಾ ಪರೀಕ್ಷೆಯ ಭಯ ಇಳಿದು ನಿದ್ದೆ ಬರಬೇಕೇ? ಆಯ್ಕೆ ಇಲ್ಲಿಂದ ಶುರುವಾಗಬೇಕು. ಆಟದ ಹೆಸರು ಆಮೇಲೆ.

ಮಿದುಳಿನಲ್ಲಿ ಏನಾಗುತ್ತದೆ

ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್ ಎಂಬ ಭಾಗ ಗಮನ, ಸಂಯಮ, ಯೋಜನೆಗಳನ್ನು ನೋಡಿಕೊಳ್ಳುತ್ತದೆ. ಅದು ಪೂರ್ತಿ ಬಲಿಯುವುದು 25ರ ಆಸುಪಾಸಿನ ವಯಸ್ಸಿನಲ್ಲಿ. ಹೊಸ ನೆನಪುಗಳನ್ನು ಕಟ್ಟುವುದು ಕಿವಿಯ ಒಳಭಾಗದ ನೇರಕ್ಕಿರುವ ಹಿಪ್ಪೊಕ್ಯಾಂಪಸ್. ಮೈ ಬಿಸಿಯಾಗಿ ಉಸಿರು ಏರಿದಾಗ ನಾರ್‌ಎಪಿನೆಫ್ರಿನ್ ಮತ್ತು ಡೋಪಮೈನ್ ಎಂಬ ರಾಸಾಯನಿಕಗಳು ಹೆಚ್ಚಿ ಮಿದುಳನ್ನು ಎಚ್ಚರಗೊಳಿಸುತ್ತವೆ. ನರಕೋಶಗಳ ನಡುವಿನ ಸಂಪರ್ಕ ಬಲಗೊಳ್ಳಲು ಬೇಕಾದ ಬಿಡಿಎನ್‌ಎಫ್ ಎಂಬ ಪ್ರೋಟೀನು ರಕ್ತದಲ್ಲಿ ಏರುತ್ತದೆ. ಮೊದಲಿನದು ಗಂಟೆಯೊಳಗೆ ಇಳಿಯುವ ಪರಿಣಾಮ. ಎರಡನೆಯದು ಮತ್ತೆ ಮತ್ತೆ ಆಗುತ್ತಿದ್ದರೆ ಮಾತ್ರ ಉಳಿಯುವ ಪರಿಣಾಮ.

'ನಡೆದರೆ ಹಿಪ್ಪೊಕ್ಯಾಂಪಸ್ 2% ಬೆಳೆಯುತ್ತದೆ' ಎಂಬ ಮಾತನ್ನು ಶಾಲಾ ಮಕ್ಕಳಿಗೆ ಅನ್ವಯಿಸುವುದುಂಟು. ಅದು ಬಂದದ್ದು 2011ರ ಅಮೆರಿಕದ ಅಧ್ಯಯನದಿಂದ. ಅದರಲ್ಲಿದ್ದವರು ಒಂದು ವರ್ಷ ನಡಿಗೆ ಮಾಡಿದ ಹಿರಿಯರು. ಮಕ್ಕಳ ಬಗ್ಗೆ ಬೇರೆ ಸಾಕ್ಷ್ಯವಿದೆ, ಅದನ್ನೇ ಹಿಡಿದು ಮಾತನಾಡುವುದು ಲೇಸು.

ಬಿರುಸನ್ನು ಅಳೆಯುವುದು

ಯಾವ ಆಯ್ಕೆಗಾದರೂ ಈ ಅಳತೆ ಗೊತ್ತಿರಬೇಕು. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು 15 ಸೆಕೆಂಡು ನಾಡಿ ಎಣಿಸಿ, 4ರಿಂದ ಗುಣಿಸಿ. ಗರಿಷ್ಠ ಬಡಿತದ ಅಂದಾಜು: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವುದು. 15 ವರ್ಷದವರಿಗೆ ಸುಮಾರು 197 ಬರುತ್ತದೆ. ಓದಿಗೆ ಮೊದಲಿನ ವ್ಯಾಯಾಮಕ್ಕೆ ಇದರ 60ರಿಂದ 75% ಸಾಕು, ಅಂದರೆ ನಿಮಿಷಕ್ಕೆ ಸುಮಾರು 118ರಿಂದ 148, ಅಥವಾ 15 ಸೆಕೆಂಡಿಗೆ 30ರಿಂದ 37 ಬಡಿತ. ಎಣಿಸಲು ಬೇಸರವಾದರೆ ಬಾಯಿಯೇ ಅಳತೆಗೋಲು: ಒಂದು ವಾಕ್ಯ ಪೂರ್ತಿ ಹೇಳಲು ಆಗಬೇಕು, ಹಾಡಲು ಆಗಬಾರದು. ಹಾಡಲು ಆಗುತ್ತಿದ್ದರೆ ವೇಗ ಸಾಲದು. ಎರಡು ಪದಕ್ಕೇ ಏದುಸಿರು ಬಂದರೆ ಅದು ಬಿರುಸಿನ ವ್ಯಾಯಾಮ, ಅದಕ್ಕೆ ಬೇರೆ ಹೊತ್ತಿದೆ.

ವೇಗದ ನಡಿಗೆ, ಓಟ, ಹಗ್ಗದಾಟ: ಓದಿನ ಮುಂಚಿನ ಆಯ್ಕೆ

ಇವತ್ತು ಸಂಜೆಯ ಓದಿಗೇ ಫಲ ಬೇಕಿದ್ದರೆ ನಮ್ಮ ಮೊದಲ ಆಯ್ಕೆ ವೇಗದ ನಡಿಗೆ. ಖರ್ಚಿಲ್ಲ, ಜೊತೆ ಬೇಕೆಂದಿಲ್ಲ, ಬಿರುಸನ್ನು ಬೇಕಾದಲ್ಲಿಗೆ ನಿಲ್ಲಿಸಬಹುದು. 2009ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಸರಾಸರಿ ಒಂಬತ್ತೂವರೆ ವರ್ಷದ 20 ಮಕ್ಕಳನ್ನು ಗರಿಷ್ಠ ಬಡಿತದ 60%ರ ವೇಗದಲ್ಲಿ 20 ನಿಮಿಷ ನಡೆಸಿದರು. ನಂತರ ಬಾಣಗಳ ಸಾಲೊಂದನ್ನು ತೋರಿಸಿ, ಪಕ್ಕದ ಬಾಣಗಳು ಎತ್ತ ತಿರುಗಿದ್ದರೂ ನಡುವಿನದು ಮಾತ್ರ ಯಾವ ಕಡೆಗಿದೆ ಎಂದು ಕೇಳಿದರು. ಅಡ್ಡ ಸೆಳೆತವನ್ನು ಬದಿಗೊತ್ತುವ ಪರೀಕ್ಷೆ ಅದು. ಸುಮ್ಮನೆ ಕೂತಿದ್ದ ದಿನಕ್ಕಿಂತ ನಡೆದ ದಿನ ಮಕ್ಕಳು ಹೆಚ್ಚು ಸರಿಯುತ್ತರ ಕೊಟ್ಟರು, ಓದಿ ಅರ್ಥಮಾಡಿಕೊಳ್ಳುವುದರಲ್ಲೂ ಮುಂದಿದ್ದರು. ಪರೀಕ್ಷೆ ನಡೆದದ್ದು ಎದೆಬಡಿತ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಇಳಿದ ಮೇಲೆ. ಮನೆಯಲ್ಲಿ ಇದನ್ನು ಪಾಲಿಸುವವರು ಕಡಿಮೆ: ಬೆವರು ಸುರಿಯುತ್ತಿರುವಾಗಲೇ ಪುಸ್ತಕದ ಮುಂದೆ ಕೂರಿಸಿ 'ಈಗ ಓದು' ಎನ್ನುತ್ತೇವೆ.

ಕ್ರಮ ಹೀಗಿರಲಿ. ಶಾಲೆಯಿಂದ ಬಂದು ಒಂದು ಕದಳಿ ಹಣ್ಣೋ ಒಂದು ಹಿಡಿ ಅವಲಕ್ಕಿಯೋ ತಿಂದು, ಒಂದು ಲೋಟ ನೀರು ಕುಡಿದು ಅರ್ಧ ಗಂಟೆ ಬಿಡಿ. 3 ನಿಮಿಷ ನಿಧಾನ ನಡಿಗೆ, 15 ನಿಮಿಷ ಕೈಬೀಸಿ ವೇಗದ ನಡಿಗೆ, 2 ನಿಮಿಷ ಮತ್ತೆ ನಿಧಾನ. ಮುಖ ತೊಳೆದು, ಮಜ್ಜಿಗೆ ನೀರು ಕುಡಿದು, 10ರಿಂದ 15 ನಿಮಿಷ ಬಿಟ್ಟು ಪುಸ್ತಕ ತೆರೆಯಿರಿ. ಕಷ್ಟದ ವಿಷಯ ಮೊದಲು, ನಕಲು ಮಾಡಿ ಬರೆಯುವ ಕೆಲಸ ಕೊನೆಗೆ. ನಡುವಿನ 15 ನಿಮಿಷ ಮೊಬೈಲ್ ಕೈಗೆ ಬಂತೆಂದರೆ ನಡಿಗೆಯಿಂದ ಬಂದ ಎಚ್ಚರವನ್ನೆಲ್ಲ ಅದು ಎಳೆದುಕೊಳ್ಳುತ್ತದೆ.

ನಮ್ಮ ಊರುಗಳಲ್ಲಿ ಮನೆಯಿಂದ ರಸ್ತೆಗೆ ಹೋಗಲು ಗುಡ್ಡ ಹತ್ತಬೇಕಾಗುತ್ತದೆ. ಅದೂ ಲಾಭವೇ. ಏರಿನಲ್ಲಿ ವೇಗ ಕಡಿಮೆಯಾದರೂ ಬಡಿತ ಬೇಗ ಏರುತ್ತದೆ, ಹಾಗಾಗಿ 12 ನಿಮಿಷದ ಏರು ಸಾಕಾದೀತು. ಮಳೆಗಾಲ ಬಂತೆಂದರೆ ಮಾತ್ರ ಕತೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುರಕಲ್ಲಿನ ಮೆಟ್ಟಿಲು, ಅಂಗಳ ಎಲ್ಲ ಪಾಚಿ ಹಿಡಿದಿರುತ್ತದೆ. ಆಗ ಜಗುಲಿಯಲ್ಲಿ ಹಗ್ಗದಾಟ ಒಳ್ಳೆಯದು. ಎರಡು ಮೀಟರ್ ಉದ್ದಗಲದ ಜಾಗ, ತಲೆಯ ಮೇಲೆ ಅರ್ಧ ಮೀಟರ್ ಖಾಲಿ ಇದ್ದರಾಯಿತು. ಹಗ್ಗದ ನಡುವನ್ನು ಮೆಟ್ಟಿ ನಿಂತರೆ ಹಿಡಿಗಳು ಕಂಕುಳವರೆಗೆ ಬರಬೇಕು. 30 ಸೆಕೆಂಡು ಹಾರು, 30 ಸೆಕೆಂಡು ನಿಲ್ಲು, ಇಂಥ 10 ಸುತ್ತು. ಮೊದಲ ವಾರ 5 ಸುತ್ತು ಸಾಕು. ಮೊದಲ ದಿನವೇ ಐನೂರು ಹಾರಿದವರ ಮೊಳಕಾಲಿನ ಮೀನಖಂಡ ಮರುದಿನ ಮೆಟ್ಟಿಲು ಹತ್ತಲು ಬಿಡುವುದಿಲ್ಲ, ಅಲ್ಲಿಗೆ ಹಗ್ಗ ಮೂಲೆ ಸೇರುತ್ತದೆ. ಡಿಸೆಂಬರ್ ಆದ ಮೇಲೆ ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ, ಆಗಲೂ ಜಗುಲಿಯೇ ಗತಿ.

ಇನ್ನು ಬಿರುಸಿನ ಓಟ. 2007ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ 27 ಯುವಕರು ತಲಾ 3 ನಿಮಿಷದ ಎರಡು ಬಿರುಸಿನ ಓಟ ಮುಗಿಸಿ ಹೊಸ ಪದಗಳನ್ನು ಕಲಿತರು. ವಿಶ್ರಾಂತಿ ಪಡೆದಾಗ ಅಥವಾ 40 ನಿಮಿಷ ನಿಧಾನವಾಗಿ ಓಡಿದಾಗ ಕಲಿತದ್ದಕ್ಕಿಂತ 20% ಬೇಗ ಕಲಿತರು. ಆದರೆ ಅವರು ಮೊದಲೇ ಪಳಗಿದ ಮೈಯವರು. ಓಟದ ಅಭ್ಯಾಸವಿಲ್ಲದ ಮಕ್ಕಳು ಇದನ್ನು ಮಾಡಿದರೆ ಆಮೇಲೆ ಓದುವ ಬದಲು ತೂಕಡಿಸಬಹುದು. ಎಂಟು ವಾರ ನಡಿಗೆ, ನಿಧಾನ ಓಟ ಅಭ್ಯಾಸವಾದ ಮೇಲೆ ಪ್ರಯತ್ನಿಸಬಹುದು.

ಚೆಂಡಾಟ, ಕಬಡ್ಡಿ, ಶಟಲ್: ವರ್ಷದ ಫಲ ಬೇಕಾದವರಿಗೆ

ನಡಿಗೆಯಲ್ಲಿ ಕಾಲು ದುಡಿಯುತ್ತದೆ, ತಲೆ ಎಲ್ಲೋ ಇರಬಹುದು. ಆಟದಲ್ಲಿ ಅದಕ್ಕೆ ಅವಕಾಶವಿಲ್ಲ. ಚೆಂಡು ಬಂತು, ಒದೆಯಲು ಕಾಲೆತ್ತಿದೆ, ಎದುರಾಳಿ ಅಡ್ಡ ಬಂದ, ಕಾಲನ್ನು ಅಲ್ಲಿಯೇ ತಡೆದು ಪಕ್ಕದವನಿಗೆ ಕೊಡಬೇಕು. ಈ 'ತಡೆದು ಬದಲಿಸುವ' ಕೆಲಸವೇ ಪ್ರಿಫ್ರಂಟಲ್ ಕಾರ್ಟೆಕ್ಸಿನ ಮುಖ್ಯ ಕಸುಬು. ಗಣಿತದ ಲೆಕ್ಕದಲ್ಲಿ ಮೊದಲು ಹೊಳೆದ ತಪ್ಪು ದಾರಿಯನ್ನು ಬಿಡುವುದಕ್ಕೂ ಇದೇ ಶಕ್ತಿ ಬೇಕು.

2014ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 7ರಿಂದ 9 ವರ್ಷದ 221 ಮಕ್ಕಳಿದ್ದರು. ಅರ್ಧದಷ್ಟು ಮಕ್ಕಳು 9 ತಿಂಗಳು ಶಾಲೆ ಬಿಟ್ಟ ಮೇಲೆ ಆಟಗಳ ಮೂಲಕ ದಿನಕ್ಕೆ ಒಂದು ಗಂಟೆಗೂ ಹೆಚ್ಚು ಮೈ ದಂಡಿಸಿದರು. ತಡೆದುಕೊಳ್ಳುವ ಮತ್ತು ಒಂದು ನಿಯಮದಿಂದ ಇನ್ನೊಂದಕ್ಕೆ ಮನಸ್ಸನ್ನು ಹೊರಳಿಸುವ ಶಕ್ತಿಯಲ್ಲಿ ಅವರು ಉಳಿದವರಿಗಿಂತ ಹೆಚ್ಚು ಬೆಳೆದರು. ಹೆಚ್ಚು ದಿನ ಬಂದವರಿಗೆ ಹೆಚ್ಚು ಲಾಭ. 2011ರ ಇನ್ನೊಂದು ಅಧ್ಯಯನದಲ್ಲಿ 7ರಿಂದ 11 ವರ್ಷದ, ತೂಕ ಹೆಚ್ಚಿದ್ದ 171 ಮಕ್ಕಳಲ್ಲಿ ದಿನಕ್ಕೆ 40 ನಿಮಿಷ ಮೈ ದಂಡಿಸಿದವರ ಯೋಜನಾಶಕ್ತಿಯೂ ಗಣಿತದ ಅಂಕವೂ ಏರಿದವು. ವಾರಕ್ಕೊಮ್ಮೆ ಭಾನುವಾರ ಮೂರು ಗಂಟೆ ಆಡಿ ಉಳಿದ ಆರು ದಿನ ಕೂತರೆ ಈ ಫಲವನ್ನು ನಿರೀಕ್ಷಿಸಬೇಡಿ.

ಕಾಸರಗೋಡಿನಲ್ಲಿ ಆಟಕ್ಕೆ ಕೊರತೆಯಿಲ್ಲ. ಮೊಗ್ರಾಲಿನಂಥ ಊರಿನ ಹೆಸರೇ ಫುಟ್‌ಬಾಲಿನ ಜೊತೆ ಬರುತ್ತದೆ, ಏಳು ಜನರ ತಂಡಗಳ ಸೆವೆನ್ಸ್ ಪಂದ್ಯ ನೋಡಲು ಜನ ಸೇರುತ್ತಾರೆ. ಕೊರತೆ ಇರುವುದು ಆಡಿಸುವ ಕ್ರಮದಲ್ಲಿ. ಇಪ್ಪತ್ತು ಮಕ್ಕಳಿಗೆ ಒಂದು ಚೆಂಡು ಕೊಟ್ಟರೆ ಆರು ಮಂದಿ ಓಡುತ್ತಾರೆ, ಹದಿನಾಲ್ಕು ಮಂದಿ ನಿಲ್ಲುತ್ತಾರೆ. ಹಾಗೆ ನಿಲ್ಲುವವರೇ ವ್ಯಾಯಾಮ ತುಂಬ ಬೇಕಾದ ಮಕ್ಕಳು. ಶಿಕ್ಷಕರಿಗೆ ನಮ್ಮ ಸಲಹೆ: 30 ಮೀಟರ್ ಉದ್ದ, 20 ಮೀಟರ್ ಅಗಲದ ಚಿಕ್ಕ ಅಂಕಣಗಳನ್ನು ಗುರುತಿಸಿ, ನಾಲ್ವರ ಎದುರು ನಾಲ್ವರನ್ನು ಬಿಡಿ. 4 ನಿಮಿಷ ಆಟ, 2 ನಿಮಿಷ ವಿಶ್ರಾಂತಿ, ಇಂಥ 5 ಸುತ್ತು. ಪ್ರತಿ ಸುತ್ತಿಗೆ ಒಂದು ನಿಯಮ ಬದಲಿಸಿ: ಈ ಸುತ್ತಿನಲ್ಲಿ ಎಡಗಾಲಿನಿಂದ ಮಾತ್ರ, ಮುಂದಿನದರಲ್ಲಿ ಮೂರು ಪಾಸ್ ಆದ ಮೇಲೆಯೇ ಗೋಲು, ಅದರ ನಂತರ ಸೀಟಿ ಊದಿದಾಗ ಗೋಲಿನ ದಿಕ್ಕು ಅದಲುಬದಲು. ನಿಯಮ ಬದಲಾದಾಗ ಮಕ್ಕಳು ತಪ್ಪುತ್ತಾರೆ, ನಗುತ್ತಾರೆ. ಹಾಗೆ ತಪ್ಪುತ್ತ ತಿದ್ದಿಕೊಳ್ಳುವಾಗಲೇ ಮಿದುಳಿಗೆ ಕೆಲಸ.

ಜಾಗ ಕಡಿಮೆ, ಇಬ್ಬರೇ ಇದ್ದಾರೆಂದರೆ ಶಟಲ್. ಕಬಡ್ಡಿ ಸಂಯಮಕ್ಕೆ ಬಹಳ ಒಳ್ಳೆಯ ಆಟ, ಆದರೆ ಮಣ್ಣನ್ನು ಹದ ಮಾಡಿದ ಅಂಕಣವೋ ಮ್ಯಾಟೋ ಬೇಕು. ಕಲ್ಲುನೆಲದಲ್ಲಿ ಬೇಡವೇ ಬೇಡ.

ತಲೆಗೆ ಪೆಟ್ಟು ಬೀಳುವುದು ಈ ಗುಂಪಿನ ದೊಡ್ಡ ಅಪಾಯ. ಮಿದುಳಿಗಾಗಿ ಆಡಿಸುತ್ತಿರುವಾಗ ಇದನ್ನು ಕಡೆಗಣಿಸುವಂತಿಲ್ಲ. ಚಿಕ್ಕ ಮಕ್ಕಳಿಂದ ತಲೆಯಿಂದ ಚೆಂಡು ಹೊಡೆಸಬೇಡಿ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿ 10 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಅದನ್ನು ನಿಷೇಧಿಸಿತು. ಪೆಟ್ಟಿನ ನಂತರ ತಲೆನೋವು, ತಲೆಸುತ್ತು, ಮಂಕು, ವಾಕರಿಕೆ, ಸ್ಕೋರ್ ಎಷ್ಟೆಂಬುದು ಮರೆತುಹೋಗುವುದು, ಇವುಗಳಲ್ಲಿ ಒಂದಿದ್ದರೂ ಆ ದಿನ ಮತ್ತೆ ಅಂಕಣಕ್ಕೆ ಇಳಿಸಬಾರದು. ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ತಲೆನೋವು ಏರುತ್ತ ಹೋದರೆ ಕೂಡಲೇ ಆಸ್ಪತ್ರೆ. ಇಲ್ಲವಾದರೂ ವೈದ್ಯರಿಗೆ ತೋರಿಸಿ, 24ರಿಂದ 48 ಗಂಟೆ ಓದು, ಮೊಬೈಲ್ ಕಡಿಮೆ ಮಾಡಿ, ಆಮೇಲೆ ಹಗುರ ನಡಿಗೆಯಿಂದ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಆಟಕ್ಕೆ ಮರಳಲಿ.

ಸಿಡಿಲಿನ ಬಗ್ಗೆಯೂ ಒಂದು ಮಾತು. ತುಲಾಮಾಸದ (ಅಕ್ಟೋಬರ್–ನವೆಂಬರ್) ಮಳೆಯಲ್ಲಿ ಮತ್ತು ಏಪ್ರಿಲ್–ಮೇ ತಿಂಗಳಲ್ಲಿ ಮಧ್ಯಾಹ್ನದ ನಂತರವೇ ಗುಡುಗು ಜೋರು. ಗುಡುಗು ಕೇಳಿತೆಂದರೆ ಬಯಲು ಬಿಟ್ಟು ಕಟ್ಟಡದೊಳಗೆ ಬರಬೇಕು. 'ಈ ಗೋಲೊಂದು ಆಗಲಿ' ಎನ್ನಬಾರದು.

ಯಕ್ಷಗಾನದ ಹೆಜ್ಜೆ, ನೃತ್ಯ

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಈ ಆಯ್ಕೆಯನ್ನು ಬಿಡುವುದು ಸಾಧ್ಯವಿಲ್ಲ. ಹುಡುಗರ ಜೊತೆ ಈಗ ಹುಡುಗಿಯರೂ ತೆಂಕುತಿಟ್ಟಿನ ಹೆಜ್ಜೆ ಕಲಿಯುತ್ತಿದ್ದಾರೆ. ಮಿದುಳಿನ ದೃಷ್ಟಿಯಿಂದ ಇದು ಏಕೆ ಒಳ್ಳೆಯದೆಂದರೆ, ಕಾಲು ಚೆಂಡೆ–ಮದ್ದಳೆಯ ಪೆಟ್ಟಿಗೆ, ಕೈ ಭಾವಕ್ಕೆ, ಕಿವಿ ಭಾಗವತರ ಪದಕ್ಕೆ, ಎಲ್ಲ ಏಕಕಾಲಕ್ಕೆ ಓಗೊಡಬೇಕು. ಏಕತಾಳದ ನಾಲ್ಕರಿಂದ ತ್ರಿವುಡೆಯ ಏಳಕ್ಕೆ ಹೊರಳುವಾಗ ಹಳೆಯ ಎಣಿಕೆಯನ್ನು ತಡೆದು ಹೊಸದನ್ನು ಹಿಡಿಯಬೇಕು. 2008ರಲ್ಲಿ ಜರ್ಮನಿಯಲ್ಲಿ 13ರಿಂದ 16 ವರ್ಷದವರ ಮೇಲೆ ನಡೆದ ಪ್ರಯೋಗವೊಂದು ಇಂಥದೇ ಗುಣವನ್ನು ಪರೀಕ್ಷಿಸಿತ್ತು: ಎರಡು ಕೈಕಾಲುಗಳನ್ನು ಹೊಂದಿಸಿ ಮಾಡುವ 10 ನಿಮಿಷದ ಅಭ್ಯಾಸ, ಅದೇ ಎದೆಬಡಿತದ ಸಾಮಾನ್ಯ ವ್ಯಾಯಾಮಕ್ಕಿಂತ ಗಮನವನ್ನು ಹೆಚ್ಚು ಚುರುಕುಗೊಳಿಸಿತು. ಹೆಜ್ಜೆಗಾರಿಕೆ ಅದೇ ಬಗೆಯ ಹೊಂದಾಣಿಕೆ, ಅದಕ್ಕಿಂತ ಬಹಳ ಕಷ್ಟದ್ದು.

ಆದರೆ ತರಗತಿಯಲ್ಲಿ ಒಂದು ಗಂಟೆ ಕಳೆದರೂ ಉಸಿರು ಏರುವುದು ಹತ್ತು ನಿಮಿಷ ಇರಬಹುದು, ಉಳಿದದ್ದು ನೋಡುವುದು, ಕಾಯುವುದು. ಆದ್ದರಿಂದ ಇದನ್ನೇ ದಿನದ ಪೂರ್ತಿ ವ್ಯಾಯಾಮವೆಂದು ಲೆಕ್ಕ ಹಿಡಿಯಬೇಡಿ. ವಾರಕ್ಕೆ ಎರಡು ದಿನ ಹೆಜ್ಜೆ, ಉಳಿದ ದಿನ ನಡಿಗೆ ಅಥವಾ ಆಟ ಎಂಬ ಜೋಡಣೆ ಚೆನ್ನಾಗಿ ಹೊಂದುತ್ತದೆ. ಸುತ್ತುತ್ತ ಹಾರುವ ಧಿಗಿಣವನ್ನು ಸಿಮೆಂಟು ನೆಲದಲ್ಲಿ ಕಲಿಸಿದರೆ ಮೊಣಕಾಲು ಮಾತನಾಡಲು ಶುರುಮಾಡುತ್ತದೆ; ಮಣ್ಣು ಅಥವಾ ಮರದ ನೆಲ ಇರಲಿ, ಹತ್ತು ನಿಮಿಷ ಮೈ ಬಿಸಿಯಾದ ಮೇಲೆಯೇ ಹಾರಲಿ. ಪರೀಕ್ಷೆಯ ವಾರಗಳಲ್ಲಿ ರಾತ್ರಿಯ ಪ್ರದರ್ಶನ ಬೇಡ. ಒಂದು ರಾತ್ರಿಯ ನಿದ್ದೆ ಹೋದರೆ ವಾರದ ವ್ಯಾಯಾಮದ ಗಳಿಕೆಯೂ ಅದರ ಜೊತೆಗೆ ಹೋಗುತ್ತದೆ.

2025ರಲ್ಲಿ ಕೇರಳದ ಶಾಲೆಗಳಿಗೆ ಬಂದ, ಸಂಗೀತಕ್ಕೆ ಕುಣಿಯುವ ವ್ಯಾಯಾಮವಾದ ಝುಂಬಾ ಇದಕ್ಕೆ ವಿರುದ್ಧ ಗುಣದ್ದು: ಹೆಜ್ಜೆ ಸುಲಭ, ಉಸಿರು ಬೇಗ ಏರುತ್ತದೆ. ನಾಚಿಕೆಯಿಂದ ಮೈದಾನಕ್ಕೆ ಇಳಿಯದ ಮಕ್ಕಳಿಗೆ ಸರಿಯಾದ ದಾರಿ.

ಈಜು

ವ್ಯಾಯಾಮವಾಗಿ ಈಜು ಬಹಳ ಒಳ್ಳೆಯದು, ಕೀಲಿಗೆ ಪೆಟ್ಟಿಲ್ಲ, ಉಸಿರಿನ ಲಯ ಕಲಿಸುತ್ತದೆ. ಆದರೆ ನಮ್ಮಲ್ಲಿ ಈಜುಕೊಳಕ್ಕಿಂತ ಕೆರೆ, ಮದಕ, ಹೊಳೆಗಳೇ ಹೆಚ್ಚು. ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಅಮೀಬಾದಿಂದ ಬರುವ ಮಿದುಳುಜ್ವರದ ಪ್ರಕರಣಗಳು ಮತ್ತೆ ಮತ್ತೆ ಕಂಡುಬಂದಿವೆ. ಬೆಚ್ಚಗಿನ, ನಿಂತ ಸಿಹಿನೀರಿನಲ್ಲಿರುವ ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹತ್ತುತ್ತದೆ. ನೀರು ಕುಡಿದರೆ ಬರುವುದಿಲ್ಲ, ಧುಮುಕಿದಾಗ ಮೂಗಿಗೆ ನೀರು ನುಗ್ಗಿದರೆ ಬರಬಹುದು. ಕೊಳೆತ ಎಲೆ, ಪಾಚಿ ತುಂಬಿದ ನಿಂತ ನೀರಿಗೆ ಇಳಿಸಬೇಡಿ. ಕ್ಲೋರಿನ್ ಹಾಕಿದ ಕೊಳವಿದ್ದರೆ, ಕಲಿಸುವವರು ಕೈಯಳತೆಯಲ್ಲಿದ್ದರೆ ವಾರಕ್ಕೆ ಮೂರು ದಿನ 30 ನಿಮಿಷ ಈಜಲಿ. ಈಜಿದ ಕೆಲವು ದಿನಗಳಲ್ಲಿ ಜ್ವರ, ತೀವ್ರ ತಲೆನೋವು, ಕತ್ತು ಬಿಗಿತ ಬಂದರೆ ನೀರಿಗಿಳಿದದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ. ದೂರದ ಕೊಳಕ್ಕೆ ಬಸ್ಸಿನಲ್ಲಿ ಎರಡು ಗಂಟೆ ಓಡಾಡುವುದಾದರೆ ಪರೀಕ್ಷೆಯ ವರ್ಷದಲ್ಲಿ ಇದು ಬೇಡ.

ಯೋಗ, ಜಿಮ್, ತೋಟದ ಕೆಲಸ

ಯೋಗ ಮತ್ತು ನಿಧಾನ ಉಸಿರಾಟ ಆತಂಕ ಇಳಿಸಲು, ಮಲಗುವ ಮುನ್ನ ಮೈ ಸಡಿಲಿಸಲು ಸರಿ. ಉಸಿರು ಏರದ ಆಸನಗಳನ್ನು ನಡಿಗೆಗೆ ಬದಲಿಯೆಂದು ತೆಗೆದುಕೊಳ್ಳಬಾರದು.

ಜಿಮ್ ಬಗ್ಗೆ ಹದಿಹರೆಯದ ಹುಡುಗರಿಗೆ ಆಸೆ ಬಹಳ. ಸ್ವೀಡನ್ನಿನಲ್ಲಿ ಸೈನ್ಯದ ತಪಾಸಣೆಗೆ ಬಂದ ಸುಮಾರು 12 ಲಕ್ಷ ಯುವಕರ ದಾಖಲೆಗಳನ್ನು ನೋಡಿದ 2009ರ ಅಧ್ಯಯನದಲ್ಲಿ, ಎದೆ–ಉಸಿರಿನ ಕಸುವು ಹೆಚ್ಚಿದ್ದವರ ಬುದ್ಧಿಪರೀಕ್ಷೆಯ ಅಂಕವೂ ಹೆಚ್ಚಿತ್ತು. ಸ್ನಾಯುಬಲದ ಜೊತೆ ಅಂಥ ಗಟ್ಟಿ ನಂಟು ಕಾಣಲಿಲ್ಲ. ಇದು ಸಂಬಂಧವಷ್ಟೇ, ಕಾರಣದ ರುಜುವಾತಲ್ಲ. ಆದರೂ ಮಿದುಳಿಗಾಗಿ ಹಣ ಕೊಡುವುದಾದರೆ ಡಂಬೆಲ್ಸ್‌ಗಿಂತ ಮೊದಲು ಒಳ್ಳೆಯ ಶೂ ಕೊಳ್ಳಿ. ಮೂಳೆ–ಸ್ನಾಯುವಿಗೆ ವಾರಕ್ಕೆ ಮೂರು ದಿನ ದಂಡ, ಬಸ್ಕಿ ಸಾಕು.

ತೋಟದ ಕೆಲಸ ಮಾಡುವ ಮಕ್ಕಳಿಗೆ ಬೇರೆ ವ್ಯಾಯಾಮ ಬೇಕೇ? ಸೊಪ್ಪಿನ ಹೊರೆ ಹೊತ್ತು ಏರು ಹತ್ತಿದ್ದು ಲೆಕ್ಕಕ್ಕೆ ಬರುತ್ತದೆ, ಕೂತು ಅಡಿಕೆ ಸುಲಿದದ್ದು ಬರುವುದಿಲ್ಲ.

ಹೊತ್ತು, ಹೊಟ್ಟೆ, ನಿದ್ದೆ

5ರಿಂದ 17 ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ ದಿನಕ್ಕೆ ಸರಾಸರಿ 60 ನಿಮಿಷ, ವಾರಕ್ಕೆ ಕನಿಷ್ಠ ಮೂರು ದಿನ ಅದರಲ್ಲಿ ಬಿರುಸಿನದ್ದೂ ಇರಬೇಕು. ಒಟ್ಟಿಗೆ ಒಂದು ಗಂಟೆ ಸಿಗದವರು ಬೆಳಿಗ್ಗೆ ಬಸ್ ಸ್ಟಾಪಿಗೆ 15 ನಿಮಿಷ, ಶಾಲೆಯ ಬಿಡುವಿನಲ್ಲಿ 15, ಸಂಜೆ 30 ಎಂದು ಒಡೆಯಲಿ. ತೀರಾ ಹೆಚ್ಚೂ ಬೇಡ: ತಂಡದಲ್ಲಿ ತರಬೇತಿ ಪಡೆಯುವವರ ವಾರದ ಗಂಟೆಗಳು ವಯಸ್ಸಿನ ಸಂಖ್ಯೆಯನ್ನು ದಾಟಬಾರದು, ಒಂದು ದಿನ ಪೂರ್ತಿ ವಿಶ್ರಾಂತಿ ಇರಬೇಕು.

ನೆನಪಿನ ವಿಷಯದಲ್ಲಿ ಕುತೂಹಲದ ಸಂಗತಿಯೊಂದಿದೆ. 2016ರಲ್ಲಿ ನೆದರ್ಲೆಂಡ್ಸಿನ ಪ್ರಯೋಗವೊಂದರಲ್ಲಿ 72 ಮಂದಿಯನ್ನು ಮೂರು ಗುಂಪು ಮಾಡಲಾಯಿತು. ಕಲಿತು 4 ಗಂಟೆ ಬಿಟ್ಟು 35 ನಿಮಿಷ ಸೈಕಲ್ ತುಳಿದವರು ಎರಡು ದಿನದ ನಂತರ ಹೆಚ್ಚು ನೆನಪಿಟ್ಟಿದ್ದರು, ಕಲಿತ ತಕ್ಷಣ ತುಳಿದವರಿಗೆ ಆ ಲಾಭ ಸಿಗಲಿಲ್ಲ. ಅವರು ವಯಸ್ಕರು, ಆದರೂ ರಜಾದಿನ ಮಧ್ಯಾಹ್ನ ಒಂದರವರೆಗೆ ಓದಿದ ಮಕ್ಕಳು ಐದಕ್ಕೆ ಮೈದಾನಕ್ಕೆ ಹೋದರೆ ನಷ್ಟವಂತೂ ಇಲ್ಲ.

ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಸುಕಿನ ನಾಲ್ಕಕ್ಕೆ ಎಬ್ಬಿಸಿ ಓಡಿಸುವುದು ನಿದ್ದೆಯನ್ನು ಕದ್ದು ವ್ಯಾಯಾಮಕ್ಕೆ ಕೊಟ್ಟಂತೆ, ಮಿದುಳಿಗೆ ಎರಡೂ ದಕ್ಕುವುದಿಲ್ಲ. ಬಿರುಸಿನ ಆಟ ಮಲಗುವುದಕ್ಕೆ ಎರಡು ಗಂಟೆ ಮೊದಲೇ ಮುಗಿಯಲಿ. ಶಿಕ್ಷೆಗಾಗಿ ಮೈದಾನ ಸುತ್ತಿಸುವುದನ್ನು ದಯವಿಟ್ಟು ನಿಲ್ಲಿಸಿ. ಓಟವೆಂದರೆ ಅವಮಾನ ಎಂದು ಕಲಿತ ಮಗು ಮುಂದೆ ತಾನಾಗಿ ಓಡುವುದಿಲ್ಲ.

ಎಂಟನೇ ತರಗತಿ ದಾಟಿದ ಹುಡುಗಿಯರ ಆಟ ನಿಲ್ಲುವುದು ನಮ್ಮ ಊರುಗಳ ದೊಡ್ಡ ನಷ್ಟ. ಮುಟ್ಟಿನ ದಿನಗಳಲ್ಲೂ ಹಗುರ ನಡಿಗೆಗೆ ಅಡ್ಡಿಯಿಲ್ಲ. ಬೇಗ ಸುಸ್ತಾಗುತ್ತಿದ್ದರೆ ಸೋಮಾರಿತನವೆಂದು ಬೈಯುವ ಮೊದಲು ರಕ್ತದ ಹಿಮೋಗ್ಲೋಬಿನ್ ನೋಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ 59% ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣಾಂಶ ಕಡಿಮೆಯಿದ್ದರೆ ಗಮನವೂ ನಿಲ್ಲುವುದಿಲ್ಲ, ವ್ಯಾಯಾಮವೂ ಸಾಗುವುದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಊಟದ ಮೇಲೆ ತೆಗೆದುಕೊಂಡು, ಒಂದು ಗಂಟೆ ಚಾ ಕುಡಿಯದಿರಲಿ.

ಆಯ್ಕೆ ಸರಿಯಾಯಿತೇ ಎಂದು ನೋಡುವುದು

ನಾಲ್ಕು ವಾರ ಒಂದೇ ಕ್ರಮ ನಡೆಸಿ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ಮೂರು ಅಳತೆ ಬರೆದಿಡಿ: ಬೆಳಿಗ್ಗೆ ಏಳುವ ಮೊದಲಿನ ನಾಡಿ, ಒಂದೇ ಮಟ್ಟದ 10 ಲೆಕ್ಕಗಳಲ್ಲಿ ಆದ ತಪ್ಪು, ಒಂದು ಗಂಟೆಯ ಓದಿನಲ್ಲಿ ಎಷ್ಟು ಸಲ ಎದ್ದದ್ದು. ನಾಡಿ ನಿಧಾನವಾಗಿ ಇಳಿಯುತ್ತ, ಏಳುವ ಸಲ ಕಡಿಮೆಯಾಗುತ್ತ ಬಂದರೆ ಮುಂದುವರಿಸಿ. ಏನೂ ಬದಲಾಗದಿದ್ದರೆ ಮೊದಲು ನಿದ್ದೆಯ ಗಂಟೆ ನೋಡಿ, ಆಮೇಲೆ ಬಾಯಿಯ ಅಳತೆಗೋಲಿನಿಂದ ಬಿರುಸು ನೋಡಿ. ಅವೆರಡೂ ಸರಿಯಿದ್ದು, ದಿನಾ ಸಂಜೆ 'ಇವತ್ತು ಬೇಡ' ಎಂಬ ಮಾತೇ ಬರುತ್ತಿದ್ದರೆ ಆಟವನ್ನು ಬದಲಿಸಿ, ಯಾವುದಕ್ಕೆ ಎಂಬುದನ್ನು ಮಗುವೇ ಹೇಳಲಿ.